ಎಂಜಿನ್ ತಣ್ಣಗಿರುವಾಗ ನೋಡಿ

ರಾಮನಾಥಪುರದಲ್ಲಿ ಹೊಗೆಸೊಪ್ಪು ಹರಾಜಾಗಿ ಹಣ ಕೈಗೆ ಬರುವ ಹೊತ್ತಿಗೆ ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಬೈಕಿನ ಮಾತು ಏಳುತ್ತದೆ. ಮಗ ಅರಕಲಗೂಡಿಗೋ ಹಾಸನಕ್ಕೋ ಕಾಲೇಜಿಗೆ ಹೋಗಬೇಕು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪಾಠವೂ ತಪ್ಪಿತು. ಹೊಸದಕ್ಕೆ ಹಣ ಸಾಲದು. ಹಳೆಯದೊಂದು ಸಿಕ್ಕರೆ?

ಷಷ್ಠಿ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ, ಸುಳಿ ಹುಡುಕುವ ತಂದೆ ಬೈಕಿನ ಮುಂದೆ ಮಾತ್ರ ಮಗನ ಮುಖ ನೋಡಿ ಹಣ ಎಣಿಸಿಬಿಡುವುದುಂಟು. ಮಗನ ಕಣ್ಣೋ ಟ್ಯಾಂಕಿನ ಹೊಳಪಿನ ಮೇಲೆ. ಆ ಹೊಳಪು ಹೋದ ವಾರ ಬಳಿದದ್ದೂ ಇರಬಹುದು.

ಬೈಕನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ಒಂದೇ ಒದೆತಕ್ಕೆ ಹೊರಡುತ್ತದೆ. ತಣ್ಣಗಿರುವುದು ತನ್ನ ಕಾಯಿಲೆ ಮುಚ್ಚಿಡುವುದಿಲ್ಲ. ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್ ಬೈಕು ನೀಲಿ ಹೊಗೆ ಉಗುಳಿದರೆ ಒಳಗೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿರುತ್ತದೆ. ಹುಡುಗರು ಶಬ್ದಕ್ಕೇ ಮರುಳಾಗುವ ಆರ್‌ಎಕ್ಸ್ 100 ಟೂ ಸ್ಟ್ರೋಕ್. ಎಣ್ಣೆ ಉರಿಸುವುದೇ ಅದರ ಜಾಯಮಾನ. ಆದರೆ ಅದರ ತಯಾರಿಕೆ 1996ರಲ್ಲೇ ನಿಂತಿತು. ದಿನವೂ ಕಾಲೇಜಿಗೆ ಓಡಿಸುವವನಿಗೆ ಅಷ್ಟು ಹಳೆಯ ಗಾಡಿ ಹೊರೆಯೇ. ಇನ್ನು ಹಿಂದೆ ಕುಕ್ಕುರುಗಾಲಲ್ಲಿ ಕೂತು ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿದರೆ, ಬಿದ್ದು ಬಾಗಿದ ಬೈಕು ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ನೋಡಿದವರೂ ಎಡವುವುದು ಕಾಗದದಲ್ಲಿ. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿನವುಗಳಿಗೆ ಅಕ್ಷರಶಃ ಹೊಂದಬೇಕು. ಸಾಲ ತೀರದಿದ್ದರೆ ಸಾಲ ಕೊಟ್ಟವರ ಹೆಸರು ಅಲ್ಲೇ ಇರುತ್ತದೆ. ನೋಂದಣಿಯ 15 ವರ್ಷ ಮುಗಿದಿದ್ದರೆ ನವೀಕರಣವಾಗಿದೆಯೇ ಎಂದೂ ಕೇಳಬೇಕು. ಫಾರಂ 29, 30ಕ್ಕೆ ಸಹಿ ಹಾಕಿಸಿ, ಆರ್‌ಟಿಓ ಕಚೇರಿಗೆ ಕೊಡದೆ ಪೆಟ್ಟಿಗೆಯಲ್ಲಿಡುವವರು ಬಹಳ. ಮಾರಿದವನು ರಾಜ್ಯದೊಳಗಾದರೆ 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕೈಯಿಂದ ಕೈಗೆ ಮಾರಾಟವಾಗುತ್ತ ಹೋದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ, ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು. ಎಂದೋ ಮಾರಿ ಮರೆತವನ ಮನೆಗೆ ನೋಟೀಸು! ಕೊಂಡವನಿಗೂ ಕ್ಷೇಮವಿಲ್ಲ: ವಿಮೆ ಹಳಬನ ಹೆಸರಲ್ಲೇ ಉಳಿದರೆ ತನ್ನ ಗಾಡಿಯ ಹಾನಿಗೆ ಪರಿಹಾರ ಕೇಳುವಾಗ ತಕರಾರು ಏಳುತ್ತದೆ.

ಪಿಯುಸಿ ಹುಡುಗನಿಗೆ 18 ತುಂಬಿಲ್ಲದಿದ್ದರೆ ಗೇರಿನ ಬೈಕಿನ ಮಾತೇ ಬೇಡ. 2019ರ ತಿದ್ದುಪಡಿಯ ಪ್ರಕಾರ ಅವನು ತಪ್ಪೆಸಗಿದರೆ ತಂದೆಗೋ ಗಾಡಿಯ ಮಾಲೀಕನಿಗೋ 3 ವರ್ಷದವರೆಗೆ ಸೆರೆಮನೆ, 25,000 ರೂಪಾಯಿ ದಂಡ.

ಮನೆಗೆ ತಂದ ಮೇಲೆ ಮೊದಲ ಖರ್ಚು ಎಂಜಿನ್ ಎಣ್ಣೆಗೆ. ಹಳಬ ಯಾವಾಗ ಬದಲಿಸಿದ್ದನೋ ದೇವರೇ ಬಲ್ಲ. ಬ್ರೇಕ್ ಶೂ, ಕ್ಲಚ್ ಕೇಬಲ್, ಸವೆದ ಟೈರು ಆಮೇಲೆ. ಇದಕ್ಕೆಂದೇ ಒಂದಿಷ್ಟು ಹಣ ತೆಗೆದಿಡದೆ ಇದ್ದದ್ದನ್ನೆಲ್ಲ ಗಾಡಿಗೇ ಸುರಿದರೆ, ಗಾಡಿ ಜಗಲಿಯ ಮುಂದೆ ನಿಲ್ಲುತ್ತದೆ, ಹುಡುಗ ಮತ್ತೆ ಬಸ್ಸಿಗೆ ಓಡುತ್ತಾನೆ. ಚೈನು ಮಾತ್ರ ಹುಡುಗನ ಪಾಲಿನ ಕೆಲಸ. ಮಳೆಗಾಲದಲ್ಲಿ ಕೆಸರು ಮೆತ್ತಿದ ಚೈನು ಬೇಗ ಸವೆಯುತ್ತದೆ. ಭಾನುವಾರ ಒರೆಸಿ ಎಣ್ಣೆ ಬಿಟ್ಟು, ನಡುವೆ ಬೆರಳಿಟ್ಟು ಎತ್ತಿ ನೋಡಿದರೆ ಎರಡು ಮೂರು ಸೆಂಟಿಮೀಟರ್ ಆಡಬೇಕು. ಅದಕ್ಕಿಂತ ಹೆಚ್ಚು ಜೋಲಾಡಿದರೆ ಸೋಮವಾರ ಹೊರಡುವ ಮುನ್ನವೇ ಬಿಗಿ ಮಾಡಿಸಬೇಕು.