ಸಂದರ್ಶನದ ಕೊನೆಯ ಪ್ರಶ್ನೆ

ನಮ್ಮ ಕಾಸರಗೋಡು ಸೀಮೆಯ ಕನ್ನಡ ಶಾಲೆಗಳಲ್ಲಿ ದಿನಗೂಲಿ ಅಧ್ಯಾಪಕರನ್ನು ಆರಿಸಲು ನಡೆಯುವ ಸಂದರ್ಶನಗಳಲ್ಲಿ ಕೊನೆಯದಾಗಿ ಒಂದು ಪ್ರಶ್ನೆ ಬರುವುದುಂಟು. ಪದವಿಯ ವಿಚಾರ ಮುಗಿದಿರುತ್ತದೆ. ತರಬೇತಿಯ ವಿಚಾರ ಮುಗಿದಿರುತ್ತದೆ. ಮೂಲ ದಾಖಲೆಗಳನ್ನು ಒಂದೊಂದಾಗಿ ನೋಡಿ ಬದಿಗಿಟ್ಟಾಗಿರುತ್ತದೆ. ಆಮೇಲೆ ಮೇಜಿನಾಚೆ ಕುಳಿತ ಹಿರಿಯರೊಬ್ಬರು ಬಹಳ ಮೃದುವಾದ ಧ್ವನಿಯಲ್ಲಿ, “ಮಕ್ಕಳು ಚಿಕ್ಕವರಲ್ಲವೇ? ಯಾರು ನೋಡಿಕೊಳ್ಳುತ್ತಾರೆ?” ಎಂದು ವಿಚಾರಿಸುತ್ತಾರೆ. ಅದೇ ಮೇಜಿನ ಮುಂದೆ, ಅದೇ ದಿನ ಬಂದು ಕುಳಿತ ಎರಡು ಹಸುಮಕ್ಕಳ ತಂದೆಗೆ ಈ ಪ್ರಶ್ನೆಯನ್ನು ಯಾರಾದರೂ ಹಾಕಿದ್ದುಂಟೆಂದು ನಾವು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಲ್ಲ.

ಈ ಪ್ರಶ್ನೆಯ ಮೇಲೆ ನಮಗೆ ಕೋಪವಿದೆ. ಅದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಕೇಳುವವರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವರಲ್ಲಿ ಹಲವರು ಕನ್ನಡದ ಅಭಿಮಾನಿಗಳು. ನವೆಂಬರ್ ಒಂದನೆಯ ತಾರೀಖು ಬಂದರೆ 1956ರಲ್ಲಿ ಈ ನೆಲಕ್ಕಾದ ಅನ್ಯಾಯವನ್ನು ನೆನೆದು ಕಣ್ಣೀರು ತರುವವರು. ಆದರೆ ಆ ಪ್ರಶ್ನೆ ಬಂದೊಡನೆ ಆಕೆಯ ಅರ್ಜಿ ಕಟ್ಟಿನ ಅಡಿಗೆ ಸರಿಯಿತೆಂಬುದು ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವಳಿಗೂ ಗೊತ್ತು. ಅತ್ತೆ ನೋಡಿಕೊಳ್ಳುತ್ತಾರೆ ಎಂದರೆ, ಅತ್ತೆಗೆ ಅಸೌಖ್ಯವಾದರೆ ಎನ್ನುತ್ತಾರೆ. ಏನಾದರೂ ಏರ್ಪಾಡು ಮಾಡಿಕೊಳ್ಳುತ್ತೇನೆ ಎಂದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಯಾವ ಉತ್ತರಕ್ಕೂ ಅಂಕವಿಲ್ಲದ ಪ್ರಶ್ನೆಯನ್ನು ಅಧ್ಯಾಪಕರಾದವರು ಪ್ರಶ್ನಪತ್ರಿಕೆಯಲ್ಲಿ ಇಡಬಾರದು.

ದೂರದ ಓದುಗರಿಗಾಗಿ ಇಲ್ಲಿಯ ಕ್ರಮವನ್ನು ಸ್ವಲ್ಪ ವಿವರಿಸಬೇಕಾಗಿದೆ. ಕೇರಳದಲ್ಲಿ ಶಾಲೆಗಳು ಜೂನಿನಲ್ಲಿ ತೆರೆದು ಮಾರ್ಚಿನ ಕೊನೆಗೆ ಮುಚ್ಚುತ್ತವೆ. ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸಿ, ಆ ಲೆಕ್ಕದ ಮೇಲೆ ಶಾಲೆಗೆ ಎಷ್ಟು ಮಂದಿ ಅಧ್ಯಾಪಕರೆಂಬುದು ನಿಶ್ಚಯವಾಗುತ್ತದೆ. ಖಾಯಂ ನೇಮಕಾತಿ ಸರಕಾರಿ ಶಾಲೆಗಳಲ್ಲಿ ಲೋಕಸೇವಾ ಆಯೋಗದ ಮೂಲಕ, ಅನುದಾನಿತ ಶಾಲೆಗಳಲ್ಲಿ ಮೆನೇಜರರ ಮೂಲಕ ಆಗುವಂಥದು. (ಎರಡನೆಯ ಬಾಗಿಲಲ್ಲಿ ಕೇಳಿಬರುವ ವಂತಿಗೆಯ ಮಾತನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.) ಆ ನೇಮಕಾತಿ ಆಗುವ ತನಕ, ಅಥವಾ ಇದ್ದವರು ರಜೆ ಹಾಕಿದಾಗ, ಪಾಠ ಮಾಡುವವರು ದಿನಗೂಲಿಯವರು. ಅವರ ಕೆಲಸ ಮಾರ್ಚಿನೊಂದಿಗೆ ಮುಗಿಯುತ್ತದೆ. ಎಪ್ರಿಲ್, ಮೇ ತಿಂಗಳುಗಳಿಗೆ ಸಂಬಳವಿಲ್ಲ. ಜೂನ್ ಬಂದರೆ ಮತ್ತೆ ಹೊಸ ಶಾಲೆ, ಹೊಸ ಅರ್ಜಿ, ಹೊಸ ಸಂದರ್ಶನ. ಉದ್ಯೋಗವನ್ನು ಹುಡುಕುವುದು ಇತರರಿಗೆ ಬಾಳಿನಲ್ಲಿ ಒಂದೆರಡು ಬಾರಿ ಒದಗುವ ಕಷ್ಟವಾದರೆ, ನಮ್ಮ ದಿನಗೂಲಿ ಅಧ್ಯಾಪಿಕೆಗೆ ಅದು ಮಳೆಗಾಲದಷ್ಟೇ ನಿಯತವಾಗಿ ವರ್ಷವರ್ಷವೂ ಬರುತ್ತದೆ.

ಬರುವುದೂ ಮಳೆಗಾಲದಲ್ಲಿಯೇ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು: ಇಂಥ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹುದ್ದೆ ತೆರವಾಗಿದೆ, ನಾಳೆ ಬೆಳಗ್ಗೆ ಹತ್ತೂವರೆಗೆ ಮೂಲ ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು. ನಾಳೆ! ಹಾಲು ಕುಡಿಯುವ ಕೂಸು ಮನೆಯಲ್ಲಿದ್ದವಳಿಗೆ ಒಂದು ದಿನದ ಅವಧಿಯೆಂದರೆ ಏನೆಂಬುದು ಆ ನಾಲ್ಕು ಸಾಲು ಬರೆದವರಿಗೆ ತಿಳಿದಿರಲಾರದು. ಗಂಡ ಕೊಲ್ಲಿಯ ನಾಡಿನಲ್ಲಿ, ಅಮ್ಮ ತವರಿನಲ್ಲಿ, ಅತ್ತೆಗೆ ಮೊಣಕಾಲು ನೋವು. ಬಂದಡ್ಕದಿಂದಲೋ ಪೆರ್ಲದಿಂದಲೋ ಹೊರಟು, ಎರಡು ಬಸ್ಸು ಬದಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಪ್ರಮಾಣಪತ್ರಗಳನ್ನೂ ಸೆರಗಿನಲ್ಲಿ ಮಗುವನ್ನೂ ಮಳೆಯಿಂದ ಕಾಪಾಡಿಕೊಂಡು ಬಂದ ತಾಯಂದಿರನ್ನು ಶಾಲೆಯ ಜಗಲಿಯಲ್ಲಿ ನಾವು ಕಂಡಿದ್ದೇವೆ. ಹೆಸರು ಕರೆಯುವುದು ಬಂದ ಸರದಿಯಂತೆ. ಹನ್ನೊಂದಕ್ಕೆ ನಿದ್ದೆ ಹೋದ ಕೂಸು ಹನ್ನೆರಡೂವರೆಗೆ, ಸರಿಯಾಗಿ ತಾಯಿಯ ಹೆಸರು ಕೂಗಿದ ಹೊತ್ತಿಗೆ, ಎದ್ದು ಅಳತೊಡಗುತ್ತದೆ. ಬಿಸಿಯೂಟ ಬೇಯಿಸುವ ಅಮ್ಮನ ಕೈಗೆ ಅದನ್ನು ಕೊಟ್ಟು ಆಕೆ ಒಳಗೆ ಹೋಗುತ್ತಾಳೆ. ಅಳು ಗೋಡೆಯಾಚೆಯಿಂದ ಕೇಳುತ್ತಲೇ ಇರುತ್ತದೆ. ಆಗ ಬರುತ್ತದೆ ಆ ಮೃದುವಾದ ಪ್ರಶ್ನೆ.

ಪರೀಕ್ಷೆಯ ಮಾತೂ ಹೀಗೆಯೇ. ಕೇರಳದಲ್ಲಿ 2012ರಿಂದ ನಡೆಯುತ್ತಿರುವ ಕೆ-ಟೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲಿ 150 ಪ್ರಶ್ನೆಗಳು, ಅವಕ್ಕೆ ಎರಡೂವರೆ ಗಂಟೆ. ಗೇಟಿನ ಹೊರಗೆ ಮರದಡಿಯಲ್ಲಿ ಮಗುವನ್ನು ಎತ್ತಿಕೊಂಡು ತಿರುಗುವ ಅಜ್ಜಿಯಂದಿರ ಸಾಲು ಪರೀಕ್ಷಾಕೇಂದ್ರದ ಸಾಮಾನ್ಯ ನೋಟ. ಪುತ್ತೂರು, ಸುಳ್ಯದ ಕಡೆಯಿಂದ ಗಡಿ ದಾಟಿ ಮದುವೆಯಾಗಿ ಬಂದವಳಿಗೆ ಇನ್ನೂ ಒಂದು ತೊಡಕು: ಆಕೆ ಕರ್ನಾಟಕದಲ್ಲಿ ಗೆದ್ದ ಟಿಇಟಿ ಇಲ್ಲಿಯ ಕೆ-ಟೆಟ್‌ಗೆ ಬದಲಾಗುವುದಿಲ್ಲ. ಇತ್ತಣಿಂದ ಅತ್ತ ಹೋದವಳ ಕಥೆಯೂ ಅದೇ. ತಾಳವಾಡಿಯ ಹೆಣ್ಣುಮಗಳಿಗೆ ತಮಿಳುನಾಡಿನ ಪರೀಕ್ಷೆ, ಜತ್ತ ಅಕ್ಕಲಕೋಟೆಯವಳಿಗೆ ಮಹಾರಾಷ್ಟ್ರದ ಪರೀಕ್ಷೆ. ಭಾಷೆ ಒಂದೇ ಆದರೂ ಬಾಗಿಲುಗಳು ಬೇರೆ ಬೇರೆ.

ಇದಕ್ಕೆಲ್ಲ ನಮ್ಮ ಹಿರಿಯರ ಬಳಿ ಒಂದು ಸಿದ್ಧವಾದ ಸಮಾಧಾನವಿದೆ: “ಅವಸರವೇನು? ಮಕ್ಕಳು ದೊಡ್ಡವರಾಗಲಿ, ಆಮೇಲೆ ಕೆಲಸ ನೋಡಬಹುದು.” ಈ ಮಾತನ್ನು ಹೇಳುವವರಲ್ಲಿ ಗಣಿತ ಕಲಿಸುವವರೂ ಇದ್ದಾರೆಂಬುದು ನಮಗೆ ಆಶ್ಚರ್ಯ. ಲೆಕ್ಕ ಹಾಕಿ ನೋಡೋಣ. ಪದವಿ ಮುಗಿಯುವಾಗ 21, ಬಿ.ಎಡ್. ಎರಡು ವರ್ಷ, 23. ಮರುವರ್ಷ ಮದುವೆ, 26ಕ್ಕೆ ಒಂದು ಮಗು, 29ಕ್ಕೆ ಇನ್ನೊಂದು. ಕಿರಿಯದಕ್ಕೆ ಐದು ತುಂಬುವಾಗ ತಾಯಿಗೆ 34. ಲೋಕಸೇವಾ ಆಯೋಗದಲ್ಲಿ ಶಾಲಾ ಅಧ್ಯಾಪಕ ಹುದ್ದೆಗೆ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 40, ಹಿಂದುಳಿದ ವರ್ಗಗಳಿಗೆ 43, ಪರಿಶಿಷ್ಟರಿಗೆ 45. ಒಂದು ರ‍್ಯಾಂಕ್ ಪಟ್ಟಿಯ ಆಯುಸ್ಸು ಮೂರು ವರ್ಷಗಳ ತನಕ ಇರಬಹುದು. ಆಕೆಯ ಕೈಯಲ್ಲಿ ಉಳಿದ ಆರು ವರ್ಷಗಳಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳಿಗೆ ಎರಡು ಬಾರಿ ಕರೆ ಬಂದರೆ ಅದೇ ಭಾಗ್ಯ. ಆ ಎರಡು ಬಾರಿಯೂ ಆಕೆ ಸ್ಪರ್ಧಿಸಬೇಕಾದುದು ನಿನ್ನೆ ತರಬೇತಿ ಮುಗಿಸಿ ಬಂದ, ಮನೆಯಲ್ಲಿ ಬೇರೆ ಕೆಲಸವಿಲ್ಲದೆ ದಿನವಿಡೀ ಓದಬಲ್ಲ 23ರ ತರುಣ ತರುಣಿಯರೊಂದಿಗೆ. ‘ಆಮೇಲೆ’ ಎಂಬ ಮಾತಿನ ಅರ್ಥ ಇಷ್ಟು.

ಇಷ್ಟಾದರೂ ಆಕೆ ಹಿರಿಯರ ಮಾತನ್ನು ಮನ್ನಿಸಿ ಕಾದಳೆನ್ನಿ. 34ರಲ್ಲಿ ಅದೇ ಜಗಲಿಗೆ ಬಂದಾಗ ಪ್ರಶ್ನೆ ಬದಲಾಗುತ್ತದೆ: “ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?” ಕಾಯಿರಿ ಎಂದವರೇ ಕಾದದ್ದನ್ನು ಕೊರತೆಯೆಂದು ಬರೆದುಕೊಳ್ಳುತ್ತಾರೆ. ಏನು ಮಾಡುತ್ತಿದ್ದಳು? ಮಾತು ಬಾರದ ಎರಡು ಜೀವಗಳಿಗೆ ಕನ್ನಡದಲ್ಲಿ ಮಾತು ಕಲಿಸುತ್ತಿದ್ದಳು. ಬೆರಳು ಹಿಡಿದು ಎಣಿಕೆ ಹೇಳಿಕೊಟ್ಟಳು, ಹಟವನ್ನು ಹಾಡಿನಿಂದ ತಣಿಸಿದಳು, ಒಂದೇ ಕಥೆಯನ್ನು ನೂರು ಸಲ ಬೇಸರಿಸದೆ ಹೇಳಿದಳು. ಒಂದನೆಯ ತರಗತಿಯ ಅಧ್ಯಾಪಿಕೆಗೆ ಬೇಕಾದ ಅನುಭವ ಇದಲ್ಲದೆ ಇನ್ನಾವುದು? ತರಬೇತಿ ವಿದ್ಯಾಲಯದ ಶಿಶುಮನಶ್ಶಾಸ್ತ್ರದ ಪುಸ್ತಕದಲ್ಲಿದ್ದರೆ ಅಂಕ, ಮನೆಯಲ್ಲಿ ಮಾಡಿದರೆ ಖಾಲಿ ವರ್ಷ ಎಂಬ ನ್ಯಾಯ ನಮಗೆ ಒಪ್ಪಿಗೆಯಿಲ್ಲ.

ನಿಯಮಗಳು ಬ್ರಹ್ಮಲಿಖಿತವಲ್ಲ. ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಹಿಂದೆ ಏಳೇ ವರ್ಷ ಬೆಲೆಯಿತ್ತು. 2012ರಲ್ಲಿ ತೇರ್ಗಡೆಯಾಗಿ ಎರಡು ಹೆರಿಗೆ ಕಳೆದವಳ ಪತ್ರ 2019ರಲ್ಲಿ ಬರಿಯ ಕಾಗದವಾಗಬೇಕಿತ್ತು. 2021ರಲ್ಲಿ ಕೇಂದ್ರ ಸರಕಾರ ಆ ಮಿತಿಯನ್ನು ತೆಗೆದು, 2011ರಿಂದ ಪೂರ್ವಾನ್ವಯವಾಗುವಂತೆ, ಅದನ್ನು ಜೀವನಪರ್ಯಂತ ಸಿಂಧುವೆಂದಿತು. ಯಾರ ಆಕಾಶವೂ ಕಳಚಿ ಬೀಳಲಿಲ್ಲ. ಹಾಗೆಯೇ 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಗುತ್ತಿಗೆಯ ಅವಧಿ ಮುಗಿದ ಮಾತ್ರಕ್ಕೆ ಹೆರಿಗೆಯ ಸೌಲಭ್ಯ ಮುರಿಯಬಾರದೆಂದು ಸರ್ವೋಚ್ಚ ನ್ಯಾಯಾಲಯವೇ 2023ರಲ್ಲಿ ಹೇಳಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ನಮ್ಮ ಅಧ್ಯಾಪಿಕೆಯ ತೊಡಕು ಈ ಕಾನೂನುಗಳ ನಡುವಿನ ಸಂದಿನಲ್ಲಿದೆ. 26 ವಾರಕ್ಕೆ ರಜೆ ಮುಗಿಯುತ್ತದೆ; ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದ ಮಗುವಿಗೆ. ನಡುವಣ ಎರಡೂವರೆ ವರ್ಷ ಮಗುವಿಗೆ ತಾಣವೆಲ್ಲಿ? 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರತಕ್ಕದ್ದೆಂದು ಕಾನೂನು ಹೇಳುತ್ತದೆ. ಐವತ್ತು ಮಂದಿ ಅಧ್ಯಾಪಕರಿರುವ ಕನ್ನಡ ಪ್ರಾಥಮಿಕ ಶಾಲೆಯನ್ನು ಓದುಗರು ನಮ್ಮ ಸೀಮೆಯಲ್ಲಿ ತೋರಿಸಿಕೊಟ್ಟರೆ ನಾವು ಈ ಲೇಖನವನ್ನು ಹಿಂದಕ್ಕೆ ಪಡೆಯುತ್ತೇವೆ. ಇನ್ನು ಕೆಲಸವೇ ಸಿಕ್ಕದೆ ಹುಡುಕುತ್ತಿರುವವಳಿಗಂತೂ ಯಾವ ರಜೆ, ಯಾವ ಕೇಂದ್ರ? ಉದ್ಯೋಗದಲ್ಲಿರುವ ತಾಯಿಯನ್ನು ಕಾನೂನು ಅಷ್ಟಿಷ್ಟು ಕಂಡಿದೆ. ಉದ್ಯೋಗ ಹುಡುಕುವ ತಾಯಿ ಅದರ ಕಣ್ಣಿಗೆ ಬಿದ್ದೇ ಇಲ್ಲ.

ಭಾಷೆಯ ಉಳಿವನ್ನು ಚರ್ಚಿಸುವ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳುವವರಿರಬಹುದು. ನಮ್ಮ ದೃಷ್ಟಿಯಲ್ಲಿ ಭಾಷೆಯ ಮಾತೇ ಇದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯವಿರಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರ ಏಳನೆಯ ತಿದ್ದುಪಡಿಯಿಂದ, ನಮ್ಮ ತಾಲೂಕು ಕೇರಳಕ್ಕೆ ಸೇರಿದ ವರ್ಷವೇ. ಸೌಕರ್ಯವೆಂದರೆ ಹೆಂಚಿನ ಕಟ್ಟಡವೋ ಬೆಂಚು ಮೇಜೋ? ಕನ್ನಡ ಬಲ್ಲ ಅಧ್ಯಾಪಕರೇ ಮೊದಲ ಸೌಕರ್ಯ. ಚಿಕ್ಕ ತರಗತಿಗಳಲ್ಲಿ ಇಂದು ಆ ಅಧ್ಯಾಪಕರೆಂದರೆ ಬಹುಮಟ್ಟಿಗೆ ಅಧ್ಯಾಪಿಕೆಯರು, ಅವರಲ್ಲಿ ಅನೇಕರು ಎಳೆಯ ಮಕ್ಕಳ ತಾಯಂದಿರು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ನಾವೆಲ್ಲರೂ ಬೀದಿಗಿಳಿಯುತ್ತೇವೆ, ಇಳಿಯಲೇಬೇಕು. ಅಲ್ಲಿ ಸರಕಾರದ ತಪ್ಪು ಸ್ಪಷ್ಟವಾಗಿದೆ, ಅದನ್ನು ಮುಚ್ಚುವುದು ನಮ್ಮ ಉದ್ದೇಶವಲ್ಲ. ಆದರೆ ಆ ಧರಣಿಯ ಮುಂಚೂಣಿಯಲ್ಲಿ ಕುಳಿತ ಮಹನೀಯರು ಹಿಂದಿನ ಜೂನಿನಲ್ಲಿ ಕನ್ನಡ ಬಲ್ಲ ಎಷ್ಟು ಮಂದಿ ತಾಯಂದಿರನ್ನು “ಯಾರು ನೋಡಿಕೊಳ್ಳುತ್ತಾರೆ” ಎಂದು ಕೇಳಿ ಮನೆಗೆ ಕಳುಹಿಸಿದ್ದರೆಂಬುದನ್ನೂ ಲೆಕ್ಕಕ್ಕೆ ತರಬೇಕಲ್ಲವೇ? ಹಾಗೆ ಮರಳಿದವಳು ಮಾರನೆಯ ವರ್ಷ ಅರ್ಜಿ ಹಾಕುವುದಿಲ್ಲ. ಮಂಗಳೂರಿನ ಯಾವುದೋ ಅಂಗಡಿಯ ಲೆಕ್ಕ ಬರೆಯುತ್ತಾಳೆ, ಇಲ್ಲವೆ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಕಯ್ಯಾರ ಕಿಞ್ಞಣ್ಣ ರೈಗಳ ಭಾವಚಿತ್ರಕ್ಕೆ ಹಾರ ಹಾಕುವ ಕೈಗಳು ಅವರು ಶಾಲಾ ಅಧ್ಯಾಪಕರಾಗಿದ್ದರೆಂಬುದನ್ನು ಮರೆಯಬಾರದು; ಈ ನಾಡಿನ ಕನ್ನಡ ತರಗತಿಯ ಕೋಣೆಯಿಂದ ಬೆಳೆದುದು, ಸಭಾವೇದಿಕೆಯಿಂದಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಜೂನಿನಲ್ಲಿ ಬಂದು ನಿಮಗೆ ಪ್ರಿಯರಾದ ಟೀಚರ್ ಮರುವರ್ಷ ಏಕೆ ಕಾಣಿಸುವುದಿಲ್ಲವೆಂದು ನೀವು ಕೇಳುತ್ತೀರಿ. ನಿಮ್ಮನ್ನು ಬಿಟ್ಟುಹೋಗುವ ಮನಸ್ಸು ಅವರಿಗಿರಲಿಲ್ಲ. ಅವರನ್ನು ಮಾರ್ಚಿನಲ್ಲಿ ಬಿಡಿಸಲಾಯಿತು. ಜೂನಿನಲ್ಲಿ ಮತ್ತೆ ಬಂದು ನಿಲ್ಲುವುದು ಅವರಿಂದ ಆಗಲಿಲ್ಲ.

ಮೆನೇಜರರಲ್ಲಿಯೂ ಆಯ್ಕೆಸಮಿತಿಗಳಲ್ಲಿಯೂ ನಮ್ಮ ಒತ್ತಾಯವಿಷ್ಟೆ. ಆ ಪ್ರಶ್ನೆಯನ್ನು ನಿಲ್ಲಿಸಿರಿ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ ತಂದೆಯರಿಗೂ ಹಾಕಿರಿ, ಅವರು ಏನು ಹೇಳುತ್ತಾರೋ ನೋಡೋಣ. ಸಂದರ್ಶನದ ಪ್ರಕಟಣೆಯನ್ನು ಒಂದು ವಾರ ಮುಂಚಿತವಾಗಿ ಹೊರಡಿಸಿರಿ. ಕೂಸಿನೊಂದಿಗೆ ಬಂದವಳ ಹೆಸರನ್ನು ಮೊದಲು ಕರೆಯಿರಿ, ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಸರಕಾರದಿಂದ ಬೇಕಾದುದು ಬೇರೆ: ತಾಯಂದಿರಿಗೆ ವಯೋಮಿತಿಯಲ್ಲಿ ಸಡಿಲಿಕೆ, ದಿನಗೂಲಿಯಲ್ಲಿ ದುಡಿದ ವರ್ಷಗಳಿಗೆ ಮನ್ನಣೆ. ಅದಕ್ಕಾಗಿ ಮನವಿಗಳನ್ನು ಬರೆಯುತ್ತಲೇ ಇರುತ್ತೇವೆ. ತಿರುವನಂತಪುರ ಇಲ್ಲಿಂದ ಐನೂರು ಕಿಲೋಮೀಟರಿಗೂ ಆಚೆಗಿದೆ, ಉತ್ತರ ಬರುವಾಗ ಬರಲಿ.

ಸಂಘಗಳ ಸಭಾಭವನಗಳಂತೂ ಹತ್ತಿರದಲ್ಲಿವೆ. ವಾರದ ಐದು ದಿನ, ಬೆಳಗ್ಗೆ ಒಂಬತ್ತರಿಂದ ಸಂಜೆಯ ತನಕ, ಅವುಗಳಿಗೆ ಬೀಗ ಬಿದ್ದಿರುತ್ತದೆ. ಚಾಪೆಗಳಿವೆ, ಫ್ಯಾನಿದೆ, ಬಾವಿಯಲ್ಲಿ ನೀರಿದೆ. ಹಗಲು ಹೊತ್ತು ಕಳೆಯುವುದು ಹೇಗೆಂದು ತಿಳಿಯದ ನಿವೃತ್ತ ಅಧ್ಯಾಪಕ ಅಧ್ಯಾಪಿಕೆಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಜೂನ್ ಮೊದಲ ಎರಡು ವಾರ, ಮತ್ತು ಅರ್ಹತಾ ಪರೀಕ್ಷೆಯ ದಿನಗಳಂದು, ಆ ಬೀಗ ತೆಗೆಯಲಿ. ಬೀಗದ ಕೈ ಕಾರ್ಯದರ್ಶಿಗಳ ಬಳಿ ಇರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ನಾವು ಅದನ್ನು ಕೇಳುವವರಿದ್ದೇವೆ.