ಪಾತ್ರದ ಕಣ್ಣು, ಆಟಗಾರನ ನೋಟ

ಮಯನಿರ್ಮಿತ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಭ್ರಮಿಸಿ ಉಡುಗೆಯನ್ನೆತ್ತಿಕೊಂಡನು; ಮುಂದೆ ನೀರನ್ನೇ ನೆಲವೆಂದು ಬಗೆದು ಬಿದ್ದನು. ವಸ್ತು ಒಂದೇ ಆದರೂ ನೋಡುವವನ ಶಕ್ತಿಗೆ ತಕ್ಕಂತೆ ನೋಟ ಬೇರೆಯಾಗುತ್ತದೆಂಬ ಈ ತತ್ತ್ವವನ್ನು ಇಂದಿನ ಕೆಲವು ವಿಡಿಯೋ ಆಟಗಳು ತಮ್ಮ ನಿಯಮವಾಗಿಸಿಕೊಂಡಿವೆ. ಅವುಗಳಲ್ಲಿ ಆಡುವವನು ಒಂದು ಪಾತ್ರವನ್ನು ಧರಿಸುತ್ತಾನೆ. ಆ ಪಾತ್ರದ ಬಲ, ಬುದ್ಧಿಗಳಿಗಿರುವಂತೆ ಗ್ರಹಣಶಕ್ತಿಗೂ ಅಂಕವುಂಟು. ಇವು ಬರಿಯ ಕಾಲಹರಣವೆಂದು ತಳ್ಳಿಬಿಡುವುದು ಸುಲಭ. ಆದರೆ ಇವುಗಳೊಳಗಿನ ವಿಚಾರವು ಅಧ್ಯಾಪಕರ ಪರಾಮರ್ಶೆಗೆ ಅರ್ಹವಾದುದು.

ಇಂತಹ ಆಟಗಳಿಗೆ ಮೂಲವೆನಿಸಿದುದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದು ಕಾಗದ, ದಾಳಗಳ ಆಟ. ಅಲ್ಲಿ ಗುಪ್ತದ್ವಾರವನ್ನು ಅರಸುವ ಮನುಷ್ಯನಿಗೆ ದಾಳದ ಆರು ಮುಖಗಳಲ್ಲಿ ಎರಡು ಅನುಕೂಲ. ಎಲ್ಫ್ ಎಂಬ ಕಿನ್ನರಸದೃಶ ಕುಲದವರಿಗೆ ನಾಲ್ಕು.

ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆಯು 2023ರಲ್ಲಿ ಹೊರತಂದ 'ಬಾಲ್ಡರ್ಸ್ ಗೇಟ್ 3' ಇದೇ ಪರಂಪರೆಯದು. ಹೂತ ಪೆಟ್ಟಿಗೆಯನ್ನೋ ಅಡಗಿದ ಅಪಾಯವನ್ನೋ ಸಮೀಪಿಸಿದಾಗ ಇಪ್ಪತ್ತು ಮುಖದ ದಾಳವು ತಾನಾಗಿ ಉರುಳುತ್ತದೆ. ಗೆದ್ದರೆ ವಸ್ತು ಪರದೆಯ ಮೇಲೆ ಗೋಚರಿಸುತ್ತದೆ. ಸೋತರೆ ಆ ಸೋಲೂ ಪ್ರಕಟವಾಗುತ್ತದೆ. ದೋಷವಿರುವುದು ಇಲ್ಲಿಯೇ. ಪಾತ್ರವು ಅರಿಯದುದನ್ನು ಆಟಗಾರನು ಊಹಿಸಿ ಎಚ್ಚರಗೊಳ್ಳುತ್ತಾನೆ. ದುರ್ಯೋಧನನಿಗೆ ಅಂತಹ ಮುನ್ಸೂಚನೆಯನ್ನು ಯಾರೂ ಕೊಟ್ಟಿರಲಿಲ್ಲ.

ಎಸ್ಟೋನಿಯಾದ ರಾಬರ್ಟ್ ಕುರ್ವಿಟ್ಜ್ ಮುಖ್ಯ ಲೇಖಕರಾಗಿದ್ದ, 2019ರ 'ಡಿಸ್ಕೋ ಎಲಿಸಿಯಮ್' ಹೆಚ್ಚು ಸೂಕ್ಷ್ಮವಾದುದು. ಸ್ಮೃತಿಭ್ರಷ್ಟನಾದ ಪತ್ತೇದಾರನ 24 ಗುಣಗಳು ಅವನೊಡನೆ ಮಾತನಾಡುತ್ತವೆ; ಗ್ರಹಣಶಕ್ತಿಯೂ ಅವುಗಳಲ್ಲೊಂದು. ಅಂಕ ಸಾಲದ ಗುಣವು ಬಹುಮಟ್ಟಿಗೆ ಮೌನವಾಗಿಯೇ ಉಳಿಯುತ್ತದೆ. ಅಂಕವಧಿಕವಾದ ಗುಣವೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಆದುದರಿಂದ ಒಂದೇ ನಗರವು ಇಬ್ಬರು ಆಟಗಾರರಿಗೆ ಎರಡು ನಗರವಾಗುತ್ತದೆ.

ಶ್ರಮಪಟ್ಟು ರಚಿಸಿದುದು ಕಾಣದೆಹೋದರೆ ಧನವೂ ದುಡಿಮೆಯೂ ವ್ಯರ್ಥವಲ್ಲವೇ ಎಂಬ ಆಕ್ಷೇಪವುಂಟು. ಅದು ನಿರಾಧಾರವೇನಲ್ಲ. ಆದರೆ ಎಲ್ಲರಿಗೂ ಎಲ್ಲವನ್ನೂ ತೋರಿಸುವ ಆಟದಲ್ಲಿ ಗ್ರಹಣಶಕ್ತಿಯು ಹೆಸರಿಗೆ ಮಾತ್ರ ಉಳಿಯುತ್ತದೆ. ಕಾಣದುದನ್ನು ಕಾಣಲಿಲ್ಲವೆಂದು ಸಾರದಿರುವುದೇ ಈ ತಂತ್ರದ ಜೀವಾಳ.

ಕೊನೆಯ ಬೆಂಚಿನ ಬಾಲಕನಿಗೆ ಕರಿಹಲಗೆ ಮಸುಕಾಗಿ ಕಂಡರೆ ಅವನು ದೂರುವುದಿಲ್ಲ. ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ನಂಬಿರುತ್ತಾನೆ. ಮುಂದೆ ನಿಂತವರು ಅವನನ್ನು ಮಂದನೆಂದು ಎಣಿಸುತ್ತಾರೆ. ಮತ್ತೊಬ್ಬನ ಕಣ್ಣಿನಿಂದ ಒಂದು ಗಳಿಗೆ ಲೋಕವನ್ನು ನೋಡಿಸಬಲ್ಲ ಆಟವು ಆ ತಪ್ಪೆಣಿಕೆಯನ್ನು ತಿದ್ದಬಲ್ಲದು. ಅಷ್ಟರಮಟ್ಟಿಗೆ ಅದು ವಿದ್ಯೆಯೇ ಸರಿ.