ನಮ್ಮ ಲೆಕ್ಕ ಯಾರ ಪೆಟ್ಟಿಗೆಯಲ್ಲಿ?

2025ರ ಅಕ್ಟೋಬರ್ 14ರಂದು ಜಗತ್ತಿನ ಕೋಟಿಗಟ್ಟಲೆ ಕಂಪ್ಯೂಟರುಗಳಿಗೆ ಒಂದೇ ದಿನ ಮುಪ್ಪು ಬಂತು. ಹಿಂದಿನ ಸಾಯಂಕಾಲದವರೆಗೆ ಅವು ಚೆನ್ನಾಗಿಯೇ ದುಡಿಯುತ್ತಿದ್ದವು. ಅವುಗಳಲ್ಲಿ ಏನೂ ಸವೆದಿರಲಿಲ್ಲ, ಏನೂ ಸುಟ್ಟಿರಲಿಲ್ಲ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಇನ್ನು ಮುಂದೆ ರಕ್ಷಣೆಯಿಲ್ಲವೆಂದು ಸಾರಿತು, ಅಷ್ಟೆ. ಹೊಸದಾದ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಅದಿಲ್ಲದವರಿಗೆ ಇನ್ನೊಂದು ವರ್ಷದ ಜೀವದಾನಕ್ಕೆ ಕಂಪನಿಯು 30 ಡಾಲರ್ ಬೆಲೆ ಕಟ್ಟಿತು. ದುಡ್ಡು ಕೊಡಲಾರದವರು ತಮ್ಮ ಯಂತ್ರದ ಸೆಟ್ಟಿಂಗುಗಳನ್ನು ಕಂಪನಿಯ ಉಗ್ರಾಣಕ್ಕೆ ಒಪ್ಪಿಸಿದರೂ ಆದೀತೆಂದಿತು. ಎಂಥ ಔದಾರ್ಯ!

ಈ ಫರ್ಮಾನಿನಿಂದ ದೊಡ್ಡ ಕಚೇರಿಗಳು ಹೊರಗೆ ಹಾಕಿದ ಪುಟ್ಟ ಪೆಟ್ಟಿಗೆಗಳು, ಅಂದರೆ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್.ಪಿ. ಎಲೈಟ್‌ಡೆಸ್ಕ್ ಮೊದಲಾದವು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಇತರ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲೂ ಬಂದು ಬೀಳುತ್ತಿವೆ. ನಮ್ಮ ಮಾತು ಇಷ್ಟೆ: ಇಂಥ ಒಂದು ಪೆಟ್ಟಿಗೆಯನ್ನು ಕೊಂಡು ಪ್ರತಿಯೊಂದು ಕಾರ್ಮಿಕ ಸಂಘವೂ ತನ್ನ ಕಚೇರಿಯಲ್ಲಿಡಬೇಕು, ಕೈಲಾದ ವ್ಯಾಪಾರಿಯು ತನ್ನ ಮನೆಯಲ್ಲಿಡಬೇಕು. ಇದಕ್ಕೆ ಸರ್ವರ್ ಎಂಬ ದೊಡ್ಡ ಹೆಸರಿದೆ. ಹೆಸರಿಗೆ ಹೆದರಬೇಕಾಗಿಲ್ಲ. ಹಗಲೂ ರಾತ್ರಿ ಎಚ್ಚರವಿದ್ದು, ಕೇಳಿದವರಿಗೆ ಕಡತ ತೆಗೆದುಕೊಡುವ ಗುಮಾಸ್ತನೇ ಸರ್ವರ್.

ಹೊಟ್ಟೆಪಾಡಿನವರಿಗೆ ಇದೆಲ್ಲ ಏತಕ್ಕೆ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನಾವು ಕೇಳುವುದು ಒಂದೇ: ಗಿರಣಿ ಕಾರ್ಮಿಕನ ಸಂಬಳ ಚೀಟಿ ಇಂದು ಎಲ್ಲಿದೆ? ಮಾಲೀಕನು ಹೇಳಿದ ಆ್ಯಪ್ ಒಳಗೆ. ಹಾಜರಿ ಎಲ್ಲಿದೆ? ಅದೂ ಅಲ್ಲೇ. ಕೆಲಸದಿಂದ ತೆಗೆದ ದಿನ ಅವನ ಲಾಗಿನ್ ಕೂಡ ಮುಚ್ಚಿದರೆ, ಗ್ರಾಚ್ಯುಟಿ ಕೇಳಲು ಕಾರ್ಮಿಕ ಇಲಾಖೆಯ ಮುಂದೆ ನಿಂತವನು ಏನನ್ನು ತೋರಿಸಬೇಕು? ಬೆರಳನ್ನೇ? ಹಿಂದೆ ಚೀಟಿಯನ್ನು ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಇಡುತ್ತಿದ್ದರು. ಈಗ ಚೀಟಿಯೂ ಟ್ರಂಕೂ ಎರಡೂ ಧಣಿಯವೇ ಆಗಿವೆ. ತಿಂಗಳಿಗೊಮ್ಮೆ ಚೀಟಿ ಬಂದೊಡನೆ ಅದರ ಪ್ರತಿಯನ್ನು ಸಂಘದ ಪೆಟ್ಟಿಗೆಗೆ ಸೇರಿಸಿದರೆ ಯಾವ ಮ್ಯಾನೇಜರನೂ ಅದನ್ನು ಅಳಿಸಲಾರ.

ವ್ಯಾಪಾರಿಯ ಪಾಡೂ ಇದಕ್ಕಿಂತ ಮೇಲಲ್ಲ. ಜಿ.ಎಸ್.ಟಿ. ಕಾಯಿದೆಯ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಆರು ವರ್ಷ! ಅಂಗಡಿಯ ಒಂದೇ ಕಂಪ್ಯೂಟರಿನ ಒಂದೇ ಡಿಸ್ಕು ಅಷ್ಟು ಕಾಲ ಬಾಳುತ್ತದೆಂದು ನಂಬಿ ಕೂತವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಕಿರ್ದಿ ಕಳೆದುಹೋಯಿತು ಸ್ವಾಮಿ ಎಂದರೆ ಅಧಿಕಾರಿ ಕರಗುವನೇ? ಉದ್ರಿ ಬಾಕಿಯವರಂತೂ ಅಂದು ಹಬ್ಬ ಮಾಡಿಯಾರು.

ಅದಕ್ಕೇ ಕ್ಲೌಡ್ ಇದೆಯಲ್ಲ, ಬಿಟ್ಟಿಯಾಗಿ ಕೊಡುತ್ತಾರಲ್ಲ ಎನ್ನುತ್ತಾರೆ. ಅದರ ಹೆಸರು ಮೋಡ, ಇರುವುದು ನೆಲದ ಮೇಲೆ, ಸಾಹುಕಾರನ ಗೋದಾಮಿನಲ್ಲಿ. ಬಿಟ್ಟಿಯ ಕಥೆಯನ್ನೂ ಕೇಳಿ. ಗೂಗಲ್ ಕಂಪನಿಯು 2015ರಲ್ಲಿ ಫೋಟೋಗಳನ್ನು ಎಷ್ಟು ಬೇಕಾದರೂ ತಂದಿಡಿ ಎಂದು ಬಾಗಿಲು ತೆರೆಯಿತು. ಜನ ಮಕ್ಕಳ ನಾಮಕರಣ, ಮದುವೆ, ಸತ್ತವರ ಮುಖ ಎಲ್ಲವನ್ನೂ ಒಯ್ದು ಇಟ್ಟರು. 2021ರ ಜೂನ್ 1ರಿಂದ ಲೆಕ್ಕ ಶುರುವಾಯಿತು: ಅಂದಿನಿಂದ ಸೇರುವ ಫೋಟೋ, ಟಪಾಲು, ಕಡತ ಎಲ್ಲ ಸೇರಿ 15 ಜಿ.ಬಿ., ಅದರ ಮೇಲೆ ಬಾಡಿಗೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುತ್ತೇವೆಂದು 2023ರಲ್ಲಿ ಹೇಳಿತು. ದನ ಒಳಗೆ ಬರುವತನಕ ಹುಲ್ಲುಗಾವಲಿಗೆ ಬೇಲಿಯಿರಲಿಲ್ಲ.

ಇದು ಬಡವರಿಗೆ ಮಾತ್ರ ಬರುವ ಕಷ್ಟವೆಂದೂ ತಿಳಿಯಬೇಡಿ. ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಕಂಪನಿಯಲ್ಲಿ ರಷ್ಯದ ರೋಸ್‌ನೆಫ್ಟಿಗೆ ದೊಡ್ಡ ಪಾಲಿದೆ. 2025ರ ಜುಲೈಯಲ್ಲಿ ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿದ ಕೂಡಲೇ ಮೈಕ್ರೋಸಾಫ್ಟ್ ಅದರ ಇಮೇಲ್ ಮೊದಲಾದ ಸೇವೆಗಳನ್ನು ನಿಲ್ಲಿಸಿತು. ನಿರ್ಬಂಧ ಭಾರತದ್ದಲ್ಲ, ದುಡ್ಡು ಕೊಟ್ಟ ಸೇವೆ, ಆದರೂ ಬೀಗ ಬಿತ್ತು. ಕಂಪನಿಯು ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ಚಿಲ್ಲರೆ ಅಂಗಡಿಯವನು ಯಾವ ಮೆಟ್ಟಿಲು ಹತ್ತಬೇಕು?

ಇನ್ನು ಕೆಲಸದ ಮಾತು. ಆರನೆಯ ಅಥವಾ ಏಳನೆಯ ಪೀಳಿಗೆಯ ಐ5 ಪ್ರೊಸೆಸರಿನ ಪುಟ್ಟ ಪೆಟ್ಟಿಗೆ, 8 ಜಿ.ಬಿ. ರ್‍ಯಾಮ್, ಇಷ್ಟಿದ್ದರೆ ನಮ್ಮ ಕೆಲಸಕ್ಕೆ ಧಾರಾಳ. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ. ಸಾವಿರಾರು ಜನ ಸೇರಿ 1993ರಿಂದ ಕಟ್ಟುತ್ತ ಬಂದಿರುವ, ಯಾವ ಧಣಿಯ ಸ್ವತ್ತೂ ಅಲ್ಲದ ತಂತ್ರಾಂಶವದು, ಲೈಸೆನ್ಸಿಗೆ ಕಾಸಿಲ್ಲ. ಸಾಂಬಾ ಎಂಬ ತಂತ್ರಾಂಶದಿಂದ ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ಈ ಪೆಟ್ಟಿಗೆಯ ಫೋಲ್ಡರ್ ಕಾಣುತ್ತದೆ. ಟ್ಯಾಲಿ ಬಿಡಬೇಕೇ ಎಂದು ವ್ಯಾಪಾರಿಗಳು ಕೇಳುತ್ತಾರೆ. ಬಿಡಬೇಕಾಗಿಲ್ಲ. ಟ್ಯಾಲಿ ಅಂಗಡಿಯಲ್ಲೇ ಇರಲಿ, ಅದರ ಬ್ಯಾಕಪ್ ಮಾತ್ರ ದಿನವೂ ರಾತ್ರಿ ಇಲ್ಲಿಗೆ ಬರಲಿ. ಮೊಬೈಲಿನ ಫೋಟೋ, ಚೀಟಿಗಳಿಗೆ ನೆಕ್ಸ್ಟ್‌ಕ್ಲೌಡ್ ಇದೆ.

ಕರೆಂಟಿನ ಲೆಕ್ಕ ಹಾಕದೆ ಯಂತ್ರ ಕೊಳ್ಳಬೇಡಿ. ಪುಟ್ಟ ಪೆಟ್ಟಿಗೆ ಸರಾಸರಿ 15 ವಾಟ್ ಎಳೆದರೆ ತಿಂಗಳಿಗೆ ಸುಮಾರು 11 ಯೂನಿಟ್. ಹಳೆಯ ದೊಡ್ಡ ಟವರ್ 60 ವಾಟ್ ಎಳೆದರೆ 43 ಯೂನಿಟ್. ಇನ್ನೂ ಅಗ್ಗವೆಂದು ಕಂಪನಿಗಳ ಹಳೆಯ ರ್‍ಯಾಕ್ ಸರ್ವರ್ ಹೊತ್ತು ತರುವ ಹುಡುಗರಿದ್ದಾರೆ. ಅದರ ಫ್ಯಾನಿನ ಸದ್ದಿಗೆ ಮನೆಯವರು ಯಂತ್ರದ ಜತೆಗೆ ಹುಡುಗನನ್ನೂ ಹೊರಗೆ ಹಾಕಿಯಾರು.

ಪೆಟ್ಟಿಗೆ ಹಳೆಯದಿರಲಿ, ಡಿಸ್ಕ್ ಹಳೆಯದು ಬೇಡ. ಕೊಳ್ಳಲೇಬೇಕಾದರೆ ಸ್ಮಾರ್ಟ್ ಪರೀಕ್ಷೆ ಮಾಡಿಸಿ: ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ ಕೆಟ್ಟಿದೆ ಎಂಬುದನ್ನು ಡಿಸ್ಕೇ ಹೇಳುತ್ತದೆ. ಎರಡು ಡಿಸ್ಕನ್ನು ಜೋಡಿಯಾಗಿ ಓಡಿಸಿದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ಹಿಗ್ಗಬೇಡಿ. ಒಂದರಲ್ಲಿ ಅಳಿಸಿದ್ದು ಆ ಗಳಿಗೆಯೇ ಇನ್ನೊಂದರಲ್ಲೂ ಅಳಿಯುತ್ತದೆ. ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ತೆಗೆದು, ತಂತಿ ಕಿತ್ತು, ಬೇರೆ ಮನೆಯಲ್ಲಿಡಿ. ಬೆಂಕಿ, ಕಳ್ಳ, ಕಡತಕ್ಕೆ ಬೀಗ ಹಾಕಿ ಹಣ ಕೇಳುವ ವೈರಸ್, ಮೂರಕ್ಕೂ ಅದೇ ಮದ್ದು. ಊರ ಹೊರಗಿನಿಂದ ನೋಡಬೇಕೆಂದು ರೂಟರಿನ ಬಾಗಿಲನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಸಂತೆಯಲ್ಲಿ ಗಲ್ಲಾಪೆಟ್ಟಿಗೆ ಬಿಚ್ಚಿಟ್ಟಂತೆ. ವೈರ್‌ಗಾರ್ಡ್ ಎಂಬ ಗುಪ್ತ ದಾರಿಯಿಂದ ಮಾತ್ರ ಬನ್ನಿ.

ಕೊಳ್ಳುವಾಗ ರ್‍ಯಾಮ್ ಒಳಗೇ ಇರುವ ಪೆಟ್ಟಿಗೆಯನ್ನು ನೋಡಿ. ಕೃತಕ ಬುದ್ಧಿಮತ್ತೆಯ ದೊಡ್ಡ ಗೋದಾಮುಗಳು ಮೆಮೊರಿಯನ್ನು ಸಗಟಾಗಿ ಎತ್ತುತ್ತಿರುವುದರಿಂದ 2025ರ ಕೊನೆಗೆ ರ್‍ಯಾಮ್ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಹೆಸರಿನಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುವ ವ್ಯಾಪಾರವನ್ನೇ ಬಿಡುವುದಾಗಿ ಪ್ರಕಟಿಸಿತು. ಒಂದು ಕೈಯಿಂದ ನಮ್ಮ ಹಳೆಯ ಯಂತ್ರವನ್ನು ಗುಜರಿಯೆನ್ನುತ್ತಾರೆ, ಇನ್ನೊಂದು ಕೈಯಿಂದ ಹೊಸ ಯಂತ್ರದ ಸಾಮಾನನ್ನು ಬಾಚಿಕೊಳ್ಳುತ್ತಾರೆ. ಇಷ್ಟಾದ ಮೇಲೂ ಹಳೆಯದನ್ನು ತೂಕಕ್ಕೆ ಹಾಕುವವನ ಬುದ್ಧಿಗೆ ಏನೆನ್ನೋಣ?

ಸರ್ಕಾರವೇ ಇದನ್ನು ಮಾಡಲಿ, ನಾವೇಕೆ ಕೈ ಕೆಸರು ಮಾಡಿಕೊಳ್ಳಬೇಕು ಎನ್ನುವ ಮಿತ್ರರೂ ಇದ್ದಾರೆ. ಸರ್ಕಾರ ಮಾಡಲಿ, ನಾವು ಬೇಡವೆನ್ನುವುದಿಲ್ಲ. ಆದರೆ ಮುಷ್ಕರದ ಪಟ್ಟಿಯನ್ನು ಸರ್ಕಾರದ ಪೆಟ್ಟಿಗೆಯಲ್ಲಿಡಲು ಯಾವ ಸಂಘ ಒಪ್ಪೀತು? ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರ ನಿಜವಾದದ್ದು. ತಿಂಗಳಿಗೊಮ್ಮೆ ಧೂಳು ಹೊಡೆದು, ಅಪ್‌ಡೇಟ್ ಹಾಕಿ, ಯು.ಪಿ.ಎಸ್. ಬ್ಯಾಟರಿ ನೋಡಿ, ಬ್ಯಾಕಪ್ಪಿನಿಂದ ಒಂದು ಕಡತವನ್ನು ನಿಜವಾಗಿಯೂ ಹಿಂದಕ್ಕೆ ತೆಗೆದು ಪರೀಕ್ಷಿಸಬೇಕು. ಇದಕ್ಕೆ ಐ.ಟಿ.ಐ. ಕಲಿತ ಇಬ್ಬರು ಹುಡುಗರು ಸಾಕು. ಒಬ್ಬನೇ ಬೇಡ, ಅವನು ಬೆಂಗಳೂರಿಗೆ ಹೋದರೆ ಎಲ್ಲ ನಿಂತೀತು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಅಂಟು ಹಾಕಿ, ಸಂಘದ ಖಜಾಂಚಿಯ ಬೀರುವಿನಲ್ಲಿಡಿ. ಇನ್ನೊಂದು ಲಕೋಟೆ ಕಾರ್ಯದರ್ಶಿಯ ಮನೆಯಲ್ಲಿರಲಿ. ಆ ಇಬ್ಬರಿಗೂ ಆಗಾಗ ಜಗಳವಾಗುವುದುಂಟು.